ಅಕ್ಕ ಮತ್ತೆ ಚರ್ಚಿಗೆ ಹೊರಟಾಗ

"ಈ ಭಾನುವಾರ ನಾನೂ ಬರ್ತೀನಿ ಕಣೇ ಚರ್ಚಿಗೆ" ಅಂತ ಅಕ್ಕ ಹೇಳಿದ್ದು ಒಂದು ಗುರುವಾರ ಸಂಜೆ. ನಾನು ಪೀಣ್ಯದ ಗಾರ್ಮೆಂಟ್ಸ್‌ನಿಂದ ಆಗಷ್ಟೇ ಚಿಕ್ಕಬಾಣಾವರದ ಮನೆಗೆ ಬಂದು ಚಪ್ಪಲಿ ಬಿಡ್ತಾ ಇದ್ದೆ. "ಬಾಕ್ಕಾ, ಅದಕ್ಕೇನು" ಅಂದೆ.

ಅಕ್ಕ ಚರ್ಚಿಗೆ ಹೋಗಿ ಒಂದು ವರ್ಷವಾಗಿತ್ತು. ಅದಕ್ಕೂ ಮೊದಲು ಅವಳು ಅಲ್ಲಿ ಸಂಡೇ ಸ್ಕೂಲ್ ಟೀಚರ್. ಮಕ್ಕಳಿಗೆ ಅವಳೆಂದರೆ ಪ್ರಾಣ. ಆಮೇಲೆ ಬೇರೆ ಯಾರಿಗೂ ಕೇಳದ ದನಿಗಳು ಅವಳಿಗೆ ಕೇಳಿಸತೊಡಗಿದವು. ಕೊನೆಯ ಸಲ ಹೋದಾಗ, ಎಲ್ಲರೂ ಜೋರಾಗಿ ಪ್ರಾರ್ಥನೆ ಮಾಡುತ್ತಿದ್ದಾಗ, ಕಿವಿ ಮುಚ್ಚಿಕೊಂಡು "ಸಾಕು, ನಿಲ್ಲಿಸಿ!" ಅಂತ ಕಿರುಚಿಬಿಟ್ಟಳು. ನಾಲ್ಕು ಜನ ಸುತ್ತುವರಿದು ಅವಳ ತಲೆ ಮೇಲೆ ಕೈಯಿಟ್ಟು ಒತ್ತಿದರು, ಇವಳನ್ನು ಬಿಟ್ಟು ಹೋಗು ಅಂತ ದೆವ್ವಕ್ಕೆ ಗದರಿದರು. ಅಕ್ಕ ಒಬ್ಬರ ಕೈ ಕಚ್ಚಿ ಮೆಟ್ಟಿಲಿಳಿದು ಓಡಿದಳು. ಆಮೇಲೆ ಆಸ್ಪತ್ರೆ, ಮಾತ್ರೆ. ಈಗ ಸುಮಾರಾಗಿ ಸುಧಾರಿಸಿದ್ದಳು. ಅಡುಗೆ ಮಾಡುತ್ತಿದ್ದಳು, ಟಿವಿ ನೋಡಿ ನಗುತ್ತಿದ್ದಳು. ಮಾತ್ರೆಯಿಂದಾಗಿ ಕೈ ಸ್ವಲ್ಪ ನಡುಗುತ್ತಿತ್ತು, ಅಷ್ಟೆ.

ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಮತ್ತೆ ಹಾಗೇ ಆದರೆ?

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ನೇರ ಅಯ್ಯನವರ ಮನೆಗೆ ಹೋದೆ. ನಮ್ಮ ಸಭೆಯ ಪಾದ್ರಿಯನ್ನು ನಾವು ಹಾಗೇ ಕರೆಯುವುದು. ಅವರು ತಾರಸಿ ಮೇಲೆ ಬಟ್ಟೆ ಒಣಹಾಕುತ್ತಿದ್ದರು.

"ಅಯ್ಯನವ್ರೇ, ನಾಳೆ ಅಕ್ಕ ಬರ್ತಾಳಂತೆ."

ಕ್ಲಿಪ್ಪು ಹಿಡಿದ ಕೈ ಅಲ್ಲೇ ನಿಂತಿತು. ಇನ್ನೂ ಸ್ವಲ್ಪ ದಿನ ಹೋಗಲಿ ಅನ್ನುತ್ತಾರೆ ಅಂದುಕೊಂಡೆ. ಅನ್ನಲಿ ಅಂತಲೇ ಒಳಗೊಳಗೆ ಬಯಸಿದ್ದೆನೇನೋ.

"ಅವತ್ತು ನಾನೂ ಅಲ್ಲೇ ಇದ್ದೆನಲ್ಲಮ್ಮ. ಅವಳನ್ನ ಬಿಡಿ ಅಂತ ಹೇಳ್ಬೇಕಿತ್ತು. ಹೇಳಲಿಲ್ಲ" ಅಂದರು. ಕ್ಲಿಪ್ಪನ್ನು ಹಗ್ಗಕ್ಕೆ ಸಿಕ್ಕಿಸಿ ಕೇಳಿದರು, "ಅವಳಿಗೆ ಏನು ಕಷ್ಟ ಆಗುತ್ತೆ? ನಾವು ಏನು ಮಾಡ್ಬಾರ್ದು?"

ಇಷ್ಟು ದಿನ ಯಾರೂ ಇದನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನಾಚಿಕೆಯಾಗಿ, ಮನೆಗೆ ಬಂದು ಅಕ್ಕನನ್ನೇ ಕೇಳಿದೆ.

ಅವಳು ತಡ ಮಾಡಲಿಲ್ಲ. "ಡ್ರಮ್ಮಿನ ಹತ್ರ ಕೂರಿಸ್ಬೇಡ. ತಲೆ ಮೇಲೆ ಯಾರೂ ಕೈ ಇಡ್ಬಾರ್ದು. ಆಮೇಲೆ, ನಾನು ಮಧ್ಯದಲ್ಲಿ ಎದ್ದು ಹೋದ್ರೆ ನೀನು ಹಿಂದೆ ಓಡಿ ಬರ್ಬೇಡ."

ಕೊನೆಯದು ನನಗೇ ಹೇಳಿದ್ದು. ಆಯ್ತು ಅಂದೆ. ಮೊದಲೆರಡನ್ನು ಅಯ್ಯನವರಿಗೆ ಫೋನ್ ಮಾಡಿ ತಿಳಿಸಿದೆ.

ಭಾನುವಾರ ಬಸ್ಸಿನಲ್ಲಿ ಅವಳ ತುಟಿಗಳನ್ನೇ ನೋಡುತ್ತಾ ಕೂತಿದ್ದೆ. ಅಲುಗಾಡುತ್ತಿದ್ದವು. ಯಾರ ಜೊತೆ ಮಾತಾಡುತ್ತಿದ್ದಾಳೆ? ಆಮೇಲೆ ಗೊತ್ತಾಯಿತು, ಅಂಗಡಿಗಳ ಬೋರ್ಡು ಓದುತ್ತಿದ್ದಳು.

ನಮ್ಮ ಚರ್ಚು ಇದ್ದದ್ದು ಒಂದು ವೆಲ್ಡಿಂಗ್ ಶಾಪಿನ ಮೇಲೆ, ಎರಡನೇ ಮಹಡಿಯ ಹಾಲಿನಲ್ಲಿ. ಬಂದವರನ್ನು ಬಾಗಿಲಲ್ಲಿ ಸ್ವಾಗತಿಸಿ ಹಾಡಿನ ಪುಸ್ತಕ ಕೊಡುವುದು ನನ್ನ ಕೆಲಸ. ಅಯ್ಯನವರು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಅಕ್ಕನಿಗೆ ಕುರ್ಚಿ ಹಾಕಿಸಿದ್ದರು. ಡ್ರಮ್ಮನ್ನು ಅವತ್ತು ಮೆಲ್ಲಗೆ ಬಾರಿಸಿದರು. ಆದರೆ ಹಾಡಿನ ಮಧ್ಯೆ, ಉಪವಾಸ ಪ್ರಾರ್ಥನೆ ನಡೆಸುವ ಆಂಟಿ ಎದ್ದು ಬಂದರು. ಅವತ್ತು ಕಚ್ಚಿಸಿಕೊಂಡ ಕೈ ಅವರದೇ.

"ಇನ್ನೂ ಮಾತ್ರೆ ನುಂಗ್ತಿದ್ದೀಯಾ ಮಗಳೇ? ನಂಬಿಕೆ ಇದ್ರೆ ಅದ್ಯಾಕೆ?" ಅಂತ ಕೈಯನ್ನು ಅಕ್ಕನ ತಲೆಯ ಕಡೆ ಎತ್ತಿದರು.

ನಾನು ಬಾಗಿಲಲ್ಲೇ ಪುಸ್ತಕಗಳನ್ನು ಅಪ್ಪಿಕೊಂಡು ನಿಂತುಬಿಟ್ಟೆ. ಅಕ್ಕ ಆ ಕೈಯನ್ನು ಅರ್ಧದಲ್ಲೇ ಹಿಡಿದಳು. "ತಲೆ ಬೇಡ ಆಂಟಿ. ಕೈ ಹಿಡ್ಕೊಳ್ಳಿ. ಮಾತ್ರೆ ನುಂಗೇ ಇಲ್ಲೀತನಕ ಬಂದಿದ್ದೀನಿ."

ಆಂಟಿ ತಬ್ಬಿಬ್ಬಾದರು. ಹಾಡು ಮುಗಿಯುವ ತನಕ ಹಾಗೇ ಕೈ ಹಿಡಿದು ನಿಂತಿದ್ದು, ತಮ್ಮ ಜಾಗಕ್ಕೆ ಹೋದರು.

ಅಯ್ಯನವರ ಪ್ರಸಂಗ, ಅಂದರೆ ಆ ದಿನದ ಬೋಧನೆ, ಅರ್ಧವಾಗಿತ್ತು. ಹಾಡಿನ ಪುಸ್ತಕ ಜೋಡಿಸಿಟ್ಟು ತಿರುಗಿದರೆ ಅಕ್ಕನ ಕುರ್ಚಿ ಖಾಲಿ.

ಓಡಿ ಬರಬೇಡ ಅಂದಿದ್ದಳು. ಕಂಬ ಹಿಡಿದು ನಿಂತೆ. ಕೆಳಗೆ ಲಾರಿಗಳು ಓಡಾಡುವ ರಸ್ತೆ. ಒಂದು ಲಾರಿ ಬ್ರೇಕ್ ಹಾಕಿದ ಸದ್ದು ಕೇಳಿತು. ಅಷ್ಟೇ, ಅವಳಿಗೆ ಕೊಟ್ಟ ಮಾತು ಮುರಿದು ಮೆಟ್ಟಿಲು ಹಾರಿಕೊಂಡು ಇಳಿದೆ.

ವೆಲ್ಡಿಂಗ್ ಶಾಪಿನ ಶಟರ್ ಮುಂದಿನ ನೆರಳಲ್ಲಿ, ಬೋರಲು ಹಾಕಿದ ಪೇಂಟ್ ಡಬ್ಬದ ಮೇಲೆ ಅಕ್ಕ ಕೂತಿದ್ದಳು. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಒಬ್ಬರು. ಅವರನ್ನು ನಾನು ಎಷ್ಟೋ ಭಾನುವಾರ ನೋಡಿದ್ದೆ. ಶಾಪಿನವರ ಕಡೆಯವರು ಅಂದುಕೊಂಡಿದ್ದೆ.

"ಓಡಿ ಬಂದ್ಯಲ್ಲ" ಅಂದಳು ಅಕ್ಕ. "ಇವ್ರು ಎಂಟು ತಿಂಗಳಿಂದ ಇಲ್ಲೇ ಕೂತು ಪ್ರಸಂಗ ಕೇಳ್ತಾರಂತೆ ಕಣೇ. ಮೇಲಿನ ಸ್ಪೀಕರ್ ಇಲ್ಲಿಗೆ ಹದವಾಗಿ ಕೇಳುತ್ತೆ."

ಫ್ಯಾಕ್ಟರಿಯೊಂದರ ಚಾವಣಿಗೆ ಶೀಟು ಹೊದಿಸುವಾಗ ಬಿದ್ದು ಅವರ ಬೆನ್ನುಮೂಳೆ ಮುರಿದಿತ್ತಂತೆ. ಹೆಂಡತಿ ಮೇಲೆ ಬರುತ್ತಿದ್ದರು. ಪ್ರತಿ ವಾರ ನಾನೇ ನಗುತ್ತಾ ಆಕೆಗೆ ಪುಸ್ತಕ ಕೊಡುತ್ತಿದ್ದೆ, ಜೊತೆಗೆ ಯಾರು ಬಂದಿದ್ದಾರೆ ಅಂತ ಒಂದು ದಿನವೂ ಕೇಳಿರಲಿಲ್ಲ.

"ಮೇಲೆ ಬರೋರು ಒಂದಿಬ್ರು ಎತ್ಕೊಂಡು ಹೋಗ್ತೀವಿ ಅಂದ್ರಮ್ಮ ಮೊದ್ಲು," ಅಂದರು ಆ ಅಣ್ಣ. "ಮೂಟೆ ಥರ ಹೋಗೋಕೆ ನಂಗೆ ಮನಸ್ಸಿಲ್ಲ."

"ಮತ್ತೆ ಕರ್ತನ ಭೋಜನ?" ಅಂತ ಕೇಳಿದೆ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದನ್ನು ನಾವು ಹಾಗನ್ನುತ್ತೇವೆ.

"ಮನೆಯವಳು ಟಿಶ್ಯೂನಲ್ಲಿ ರೊಟ್ಟಿ ಚೂರು ಸುತ್ಕೊಂಡು ತರ್ತಾಳೆ. ದ್ರಾಕ್ಷಾರಸ ತರೋಕಾಗಲ್ವಲ್ಲ."

ಆರಾಧನೆ ಮುಗಿದ ಮೇಲೆ ಅಯ್ಯನವರಿಗೆ ಹೇಳಿದೆ. ಅವರು ರೊಟ್ಟಿಯ ತಟ್ಟೆ, ಬಟ್ಟಲು ಹಿಡಿದು ಇಳಿದು ಬಂದರು. ಮುಂದಿನ ವಾರ ಸಭೆ ಸೇರಿದಾಗ, ಆರಾಧನೆಯನ್ನು ಕೆಳಗೇ ಮಾಡೋಣ ಅಂದರು. "ಇಬ್ಬರಿಗೋಸ್ಕರ ನಾವೆಲ್ಲ ಕೆಳಗಿಳೀಬೇಕಾ?" ಅಂತ ಒಬ್ಬರು ಎದ್ದೇ ಹೋದರು, ಆ ಕುಟುಂಬ ಮತ್ತೆ ಬರಲಿಲ್ಲ. ಕಟ್ಟಡಕ್ಕೂ ಶಾಪಿಗೂ ಯಜಮಾನರು ಆ ಊರಿನ ಹಳೇ ಗೌಡರು. "ಬಾನುವಾರ ಎಂಗೂ ಮಿಷಿನ್ ನಿಂತಿರ್ತದೆ, ಕೂತ್ಕಳಿ ಅತ್ಲಾಗೆ" ಅಂತ ಶಾಪನ್ನೇ ಬಿಟ್ಟುಕೊಟ್ಟರು. ಶನಿವಾರ ಸಂಜೆ ಕಬ್ಬಿಣದ ಚೂರು ಗುಡಿಸಿ ಜಮಖಾನ, ಕುರ್ಚಿ ಹಾಕತೊಡಗಿದೆವು.

ಅಲ್ಲಿಗೆ ಎರಡು ವಾರ ಅಕ್ಕ ಬಂದಳು. ಮೂರನೆಯ ವಾರ ದನಿಗಳು ಮತ್ತೆ ಶುರುವಾದವು. ಡಾಕ್ಟರು ಮಾತ್ರೆ ಬದಲಾಯಿಸಿದರು. ಅಕ್ಕ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಗುತ್ತೇನೋ ಅಂತ ಹಳೇ ಚೀಟಿಗಳನ್ನು ಹುಡುಕಿಟ್ಟೆ.

ಆ ಭಾನುವಾರ ಮಧ್ಯಾಹ್ನ ಆಂಟಿ ಮನೆಗೆ ಬಂದರು. ಅವರು ಹೊಸ್ತಿಲಾಚೆಯೇ ನಿಂತು, "ಒಳಗೆ ಬರ್ಲಾ ಮಗಳೇ?" ಅಂತ ಅಕ್ಕನನ್ನು ಕೇಳಿದರು. ಅಕ್ಕ ಹೊದಿಕೆಯನ್ನು ತಲೆ ತನಕ ಎಳೆದುಕೊಂಡಳು. ಆಂಟಿ ಬಾಗಿಲಲ್ಲೇ ಕೂತರು. ಪ್ರಾರ್ಥನೆಯನ್ನೂ ಮಾಡಲಿಲ್ಲ, ಮಾತ್ರೆಯ ಸುದ್ದಿಯನ್ನೂ ಎತ್ತಲಿಲ್ಲ. ನನ್ನ ಮುಂದಿದ್ದ ಹುರುಳಿಕಾಯಿ ಎಳೆದುಕೊಂಡು ನಾರು ತೆಗೆದು ಮುರಿದುಕೊಟ್ಟು, ಬಸ್ಸಿನ ಹೊತ್ತಾಯಿತು ಅಂತ ಹೊರಟರು.

"ಹೋದ್ರಾ?" ಅಂದಳು ಅಕ್ಕ, ಗೋಡೆಯ ಕಡೆಯಿಂದಲೇ.

"ಹೋದ್ರು ಅಕ್ಕ."

"ಪಲ್ಯಕ್ಕೆ ಕಾಯಿತುರಿ ಜಾಸ್ತಿ ಹಾಕೇ" ಅಂದಳು.