ನಾನು ಬದಲಿಸಿದ ಗೆರೆ

ಸವಿತಾ, ಆ ಗೆರೆಯನ್ನು ಬದಲಿಸಿದವನು ನಾನು. ಗೊತ್ತಿದ್ದೇ ಬದಲಿಸಿದೆ. ಅವತ್ತು ನಿನ್ನ ಪ್ರಶ್ನೆ ಅರ್ಥವಾಗದವನ ಹಾಗೆ ಹುಬ್ಬು ಗಂಟಿಕ್ಕಿ ಕುಳಿತಿದ್ದೆನಲ್ಲ — ಅದು ನಟನೆ. ನೀನು ಕೇಳುವ ಮೊದಲೇ ಅದೇ ಪ್ರಶ್ನೆಯನ್ನು ನಾನೇ ಕೇಳಿಕೊಂಡಿದ್ದೆ. ಉತ್ತರವನ್ನೂ ನೋಡಿದ್ದೆ. ನೋಡಿ, ಮುಚ್ಚಿಟ್ಟಿದ್ದೆ.

ಇದನ್ನು ನಿನಗೆ ಬರೆಯುತ್ತಿದ್ದೇನೆ. ಆದರೆ ಬೇರೆಯವರೂ ಓದಲಿ ಎಂಬ ಆಸೆಯಿದೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳಬೇಕು.

ನಿಮ್ಮಪ್ಪ, ನನ್ನ ಭಾವ, ತೀರಿಕೊಂಡಾಗ ನೀನಿನ್ನೂ ಕೆ.ಆರ್. ಪೇಟೆಯಲ್ಲಿ ಬಿ.ಕಾಂ. ಓದುತ್ತಿದ್ದೆ. ಶೀಳನೆರೆ ದಾರಿಯಲ್ಲಿದ್ದ ನಿಮ್ಮ ಆಲೆಮನೆಯನ್ನು ನಡೆಸುವವರಿಲ್ಲದೆ ಅಕ್ಕ ಮಾರಿಬಿಟ್ಟಳು. ಬಂದ ಹಣದ ಪಾಸ್‌ಬುಕ್ಕನ್ನು ನನ್ನ ಕೈಗಿಟ್ಟು, "ನೀನೇ ಏನಾರಾ ಮಾಡು ತಮ್ಮಯ್ಯ, ನಂಗಿದೆಲ್ಲ ತಿಳಿಯಾಕಿಲ್ಲ" ಎಂದಳು. ಪಾಂಡವಪುರದ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ತಮ್ಮ — ಇಡೀ ಮನೆತನದಲ್ಲಿ ದುಡ್ಡಿನ ವಿಷಯ ಬಲ್ಲವನು ನಾನೊಬ್ಬನೇ ಎಂದು ಅವಳು ನಂಬಿದ್ದಳು. ನಾನೂ ನಂಬಿದ್ದೆ.

ಅರ್ಧವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟೆ. ಉಳಿದರ್ಧಕ್ಕೆ ಶೇರು ಕೊಂಡೆ. ಯಾವ ಶೇರು, ಏಕೆ ಆ ಶೇರು — ಈಗ ಹೇಳಲು ನಾಚಿಕೆ. ಕೆಲವು ಪತ್ರಿಕೆಯಲ್ಲಿ ಓದಿದ್ದು, ಕೆಲವು ಸ್ಟಾಫ್ ರೂಮಿನಲ್ಲಿ ಯಾರೋ ಅಂದದ್ದು. ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಒಂದು ಹಣಕಾಸಿನ ಸಾಫ್ಟ್‌ವೇರಿಗೆ ತುಂಬಿಸಿಟ್ಟಿದ್ದೆ. ಬೂಕನಕೆರೆಯ ನಿಮ್ಮ ಮನೆಗೆ ಬಂದಾಗಲೆಲ್ಲ ಅದನ್ನು ತೆರೆದು ಅಕ್ಕನಿಗೆ ತೋರಿಸುತ್ತಿದ್ದೆ. ಪರದೆಯ ಮೇಲೆ ಹಸಿರು ಗೆರೆಯೊಂದು ಏರುತ್ತ ಹೋಗುವುದನ್ನು ನೋಡಿ ಅವಳ ಮುಖ ಅರಳುತ್ತಿತ್ತು.

ಆ ಸಾಫ್ಟ್‌ವೇರಿನಲ್ಲಿ ಇನ್ನೊಂದು ಅನುಕೂಲವಿತ್ತು. ನಮ್ಮ ಗೆರೆಯ ಜೊತೆಗೇ ಇನ್ನೊಂದು ಗೆರೆ ಎಳೆಸಬಹುದು — ಇಷ್ಟೇ ಹಣವನ್ನು, ಶೇರು ಆರಿಸುವ ಜಾಣತನವೇನೂ ಇಲ್ಲದೆ, ಸುಮ್ಮನೆ ಹೂಡಿದ್ದರೆ ಎಷ್ಟಾಗುತ್ತಿತ್ತು ಎಂದು ತೋರಿಸುವ ಗೆರೆ. ಅದಕ್ಕೆ ಬೆಂಚ್‌ಮಾರ್ಕ್ ಎನ್ನುತ್ತಾರೆ. ನಮ್ಮದು ಅರ್ಧ ಶೇರು, ಅರ್ಧ ಠೇವಣಿ. ಹೋಲಿಸುವುದಾದರೆ ಅರ್ಧ ಶೇರುಪೇಟೆಯ ಸೂಚ್ಯಂಕ, ಅರ್ಧ ಠೇವಣಿ ಬೆರೆಸಿಯೇ ಹೋಲಿಸಬೇಕು. ಅದು ನ್ಯಾಯ. ಒಂದು ಸಂಜೆ ಮನೆಯಲ್ಲಿ ಒಬ್ಬನೇ ಕುಳಿತು ಹಾಗೆಯೇ ಮಾಡಿ ನೋಡಿದೆ.

ನಮ್ಮ ಗೆರೆ ಕೆಳಗಿತ್ತು. ಮೊದಲ ವರ್ಷದಿಂದಲೇ ಕೆಳಗಿತ್ತು. ನಾನು ಆರಿಸಿದ್ದೆಲ್ಲ — ಏನನ್ನೂ ಆರಿಸದೆ ಇದ್ದಿದ್ದರೇ ಚೆನ್ನಾಗಿತ್ತು.

ಹಣವೇನೂ ಮುಳುಗಿರಲಿಲ್ಲ. ಬೆಳೆದಿತ್ತು, ಬೆಳೆಯಬೇಕಾದಷ್ಟು ಬೆಳೆದಿರಲಿಲ್ಲ ಅಷ್ಟೇ. ಅಕ್ಕನಿಗೆ ಆವಾಗಲೇ ಹೇಳಿದ್ದರೆ, "ಹೋಗ್ಲಿ ಬುಡು" ಅನ್ನುತ್ತಿದ್ದಳು. ಆದರೆ ನನಗೆ — ಏನೆಂದು ಹೇಳಲಿ — ಆ ಮನೆಯ ಜಗಲಿಯಲ್ಲಿ ನನಗೆ ಸಿಗುತ್ತಿದ್ದ ಮರ್ಯಾದೆ ಬೇಕಾಗಿತ್ತು. ಹೋಲಿಕೆಯ ಪಟ್ಟಿಗೆ ಹೋಗಿ, ಬೆರಕೆಯನ್ನು ತೆಗೆದು, ಬರೀ ಬ್ಯಾಂಕ್ ಠೇವಣಿ ಎಂದು ಬದಲಿಸಿದೆ. ಆ ವರ್ಷಗಳಲ್ಲಿ ಪೇಟೆಯೇ ಏರುತ್ತಿದ್ದದ್ದರಿಂದ ನಮ್ಮ ಗೆರೆ ಮೇಲೆದ್ದು ನಿಂತಿತು. ನಡೆದು ಹೋಗುವವನ ಪಕ್ಕದಲ್ಲಿ ಸೈಕಲ್ ತುಳಿದು ಗೆದ್ದೆ ಎಂದ ಹಾಗೆ.

ಪಿತೃಪಕ್ಷದಲ್ಲಿ ಭಾವನಿಗೆ ಎಡೆ ಇಟ್ಟ ದಿನ. ನಿನ್ನ ದೊಡ್ಡಪ್ಪ, ದೊಡ್ಡಮ್ಮ, ಅವರ ಮಕ್ಕಳು ಎಲ್ಲ ಉಂಡು ಹಜಾರದಲ್ಲಿ ಕುಳಿತಿದ್ದರು. ಅಕ್ಕನೇ ಹೆಮ್ಮೆಯಿಂದ ನನ್ನ ಕೈಲಿ ಲ್ಯಾಪ್‌ಟಾಪ್ ತೆರೆಸಿದಳು. ಎಲ್ಲರೂ ತಲೆದೂಗುತ್ತಿದ್ದಾಗ ನೀನು ಬಂದು ಬಗ್ಗಿ ನೋಡಿದೆ.

"ಮಾವ, ನಮ್ ದುಡ್ಡು ಅರ್ಧಕ್ಕರ್ಧ ಶೇರಲ್ಲಿ ಅದೆ. ಬರೀ ಎಫ್‌ಡಿ ಜೊತೆ ಯಾಕೆ ತೂಗಿದ್ದೀರಿ? ಅರ್ಧ ಇಂಡೆಕ್ಸು, ಅರ್ಧ ಎಫ್‌ಡಿ ಹಾಕಿ ಒಂದ್ಸಲ ತೋರ್ಸಿ."

ಎಷ್ಟು ಮೆಲ್ಲಗೆ ಕೇಳಿದೆ ನೀನು! ಸವಾಲಿನ ದನಿಯೇ ಅಲ್ಲ. ಕಲಿತದ್ದು ಉಪಯೋಗಕ್ಕೆ ಬಂತೆಂಬ ಸಂತೋಷವಿತ್ತು ಅಷ್ಟೇ. ಬೂಕನಕೆರೆಯಲ್ಲಿ ಪಶು ಆಹಾರದ ಅಂಗಡಿ ಇಡುತ್ತೇನೆ, ಸ್ವಲ್ಪ ಬಂಡವಾಳ ಕೊಡು ಎಂದು ನೀನು ಅಕ್ಕನನ್ನು ಕೇಳುತ್ತಿದ್ದ ದಿನಗಳವು. ನಾನು ಅರ್ಥವಾಗದವನ ಹಾಗೆ ಹುಬ್ಬು ಗಂಟಿಕ್ಕಿ ಲ್ಯಾಪ್‌ಟಾಪ್ ಮುಚ್ಚಿದೆ. ಮುಚ್ಚಿ, ನಿನಗಲ್ಲ, ಅಕ್ಕನಿಗೆ ಹೇಳಿದೆ:

"ಈ ಮನೇಲಿ ನನ್ ಮೇಲೆ ನಂಬ್ಕೆ ಇಲ್ದಿದ್ರೆ ಯೋಳ್ಬುಡಕ್ಕ. ಇವತ್ತೇ ಕೈ ತೊಳ್ಕೊಂಬುಡ್ತೀನಿ."

ಇಷ್ಟೇ ನಾನಾಡಿದ ಮಾತು. ಉಳಿದದ್ದನ್ನು ಅಕ್ಕ ನೋಡಿಕೊಂಡಳು. "ನಿಮ್ಮಪ್ಪ ತೀರ್ಕೊಂಡ್ಮೇಲೆ ನಮ್ಗೆ ಆಸರೆಯಾದೋನು ಕಣೇ ಅವ್ನು! ಎಲ್ಡಕ್ಷರ ಕಲ್ತು ಅವ್ನ ಲೆಕ್ಕ ಕೇಳ್ತೀಯಾ? ಕಾಲಿಗ್ ಬಿದ್ದು ತಪ್ಪಾಯ್ತು ಅನ್ನು!" ದೊಡ್ಡಮ್ಮನೂ ದನಿಗೂಡಿಸಿದರು. ನೀನು ನನ್ನ ಮುಖ ನೋಡಿದೆ — ನಾನು ತಡೆಯುತ್ತೇನೆಂದು ಕಾದೆ, ಅಲ್ಲವೇ? ಕಾದೆ. ಆಮೇಲೆ ಬಗ್ಗಿದೆ. ನಾನು — ನಿನ್ನ ತಲೆ ಮುಟ್ಟಿ, "ಇರ್ಲಿ ಬುಡವ್ವ, ಮಗು" ಎಂದೆ. ಕ್ಷಮಿಸಿದೆ! ನಿನ್ನನ್ನು ನಾನು ಕ್ಷಮಿಸಿದೆ.

ಅಂಗಡಿಯ ಮಾತು ಅಲ್ಲಿಗೇ ನಿಂತಿತು. "ಇವ್ಳಿಗೇನ್ ಲೆಕ್ಕ ಬತ್ತದೆ" ಎಂದು ಅಕ್ಕ ಅಂದಾಗಲೂ ನಾನು ಅಲ್ಲೇ ಇದ್ದೆ. ನಿನ್ನ ಮದುವೆಯಾಯಿತು, ನಾಗಮಂಗಲಕ್ಕೆ ಹೋದೆ, ಅಲ್ಲೊಂದು ಶಾಲೆಯ ಆಫೀಸಿನಲ್ಲಿ ಕೆಲಸ ಹಿಡಿದೆ. ಎದುರು ಸಿಕ್ಕಾಗ "ಚೆನ್ನಾಗಿದ್ದೀರಾ ಮಾವ" ಎಂದು ಕೇಳುತ್ತೀಯ. ಕಾಫಿ ಕೊಡುತ್ತೀಯ. ಎಲ್ಲ ಸರಿಯಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಹೋದ ತಿಂಗಳು ನಿನ್ನ ಗಂಡ ಫೋನ್ ಮಾಡಿದ. "ಮಾವ, ನಮ್ಮನೆಯವ್ಳು ಸಂಬ್ಳದಲ್ಲಿ ಒಂದಷ್ಟು ಉಳ್ಸವ್ಳೆ. ಎಲ್ಲಾರಾ ಹಾಕು ಅಂದ್ರೆ, ನಂಗದೆಲ್ಲ ತಿಳಿಯಲ್ಲ ಅಂತ ಎದ್ದೋಯ್ತಾಳೆ. ಬಿ.ಕಾಂ. ಓದಿ ಇಂಗಂತಾಳಲ್ಲ! ನೀವೇ ವಸಿ ನೋಡ್ಕೊಳಿ."

ನಂಗದೆಲ್ಲ ತಿಳಿಯಲ್ಲ. ನೀನು. ಇಡೀ ಹಜಾರದಲ್ಲಿ ತಿಳಿದಿದ್ದವಳು ನೀನೊಬ್ಬಳೇ!

ಅವನಿಗೆ ಏನೋ ಹಾರಿಕೆಯ ಉತ್ತರ ಕೊಟ್ಟು ಫೋನಿಟ್ಟೆ. ಆಮೇಲೆ ಕೂರಲಾಗಲಿಲ್ಲ, ಮಲಗಲಾಗಲಿಲ್ಲ. ತರಗತಿಯಲ್ಲಿ ಬೋರ್ಡಿಗೆ ಬೆನ್ನು ಮಾಡಿ ನಿಂತವನು ಹೇಳುತ್ತಿದ್ದ ವಾಕ್ಯವನ್ನು ನಡುವೆ ಮರೆತೆ. ಕೊನೆಗೆ ಬಸ್ಸು ಹತ್ತಿ ಬೂಕನಕೆರೆಗೆ ಹೋಗಿ, ಅಕ್ಕನೆದುರು ಕುಳಿತು ಎಲ್ಲವನ್ನೂ ಹೇಳಿದೆ. ಗೆರೆ ಬದಲಿಸಿದ್ದು, ನೀನು ಕೇಳಿದ್ದೇ ಸರಿ ಎಂಬುದು, ನಾನು ಬಾಯಿ ಮುಚ್ಚಿ ಕುಳಿತದ್ದು.

ಅಕ್ಕ ಅವರೆಕಾಯಿ ಸುಲಿಯುತ್ತ ಕೇಳಿದಳು. ಕೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಿಂದು ದೊಡ್ಮನ್ಸು ಕಣಪ್ಪ. ಆ ಉಡ್ಗಿ ನೊಂದ್ಕಂಡವ್ಳೆ ಅಂತ ತಪ್ಪೆಲ್ಲ ನಿನ್ ಮೇಲೇ ಆಕ್ಕೊಂತಿದ್ದೀಯ. ಯಾರ್ ಮಾಡ್ತಾರೆ ಇಂಗೆ!"

"ಇಲ್ಲಕ್ಕ, ನಿಜವಾಗ್ಲೂ —"

"ಸುಮ್ಕಿರು. ನಂಗೊತ್ತಿಲ್ವಾ ನಿನ್ನ?"

ನನಗಿನ್ನೊಂದು ಮರ್ಯಾದೆ ಸಿಕ್ಕಿತು, ಸವಿತಾ! ತಪ್ಪೊಪ್ಪಿಕೊಳ್ಳಲು ಹೋದವನು ಇನ್ನಷ್ಟು ದೊಡ್ಡವನಾಗಿ ಹಿಂದಿರುಗಿದೆ. ಇನ್ನೂ ಒತ್ತಿ ಹೇಳಬಹುದಿತ್ತು. ಲ್ಯಾಪ್‌ಟಾಪ್ ತೆರೆದು ಎರಡು ಗೆರೆಗಳನ್ನೂ ತೋರಿಸಬಹುದಿತ್ತು — ಬ್ಯಾಗಿನಲ್ಲೇ ಇತ್ತು. ತೆರೆಯಲಿಲ್ಲ. ಆ ಹೊಗಳಿಕೆ ಕಿವಿಗೆ ಬಿದ್ದಾಗ ನನ್ನೊಳಗೆ ಯಾವುದೋ ಒಂದು ಮೂಲೆ — ಈಗಲೂ — ಸಂತೋಷಪಟ್ಟಿತು. ಮೊದಲ ತಪ್ಪಿಗಿಂತ ಇದು ನನ್ನನ್ನು ಹೆಚ್ಚು ಹೆದರಿಸಿದೆ.

ನಿನ್ನ ಉಳಿತಾಯವನ್ನು ನಾನು ನೋಡಿಕೊಳ್ಳುವುದಿಲ್ಲ. ನಿನ್ನ ಗಂಡನಿಗೆ ಇವತ್ತು ಹೇಳಿದೆ, ನಿನಗಿಂತ ಚೆನ್ನಾಗಿ ನೋಡಿಕೊಳ್ಳುವವರು ನಮ್ಮಲ್ಲಿ ಯಾರೂ ಇಲ್ಲ ಎಂದೂ ಹೇಳಿದೆ. ಅವನು ನಕ್ಕ. ನೀನು ನಂಬಬೇಕಾಗಿಲ್ಲ, ಕ್ಷಮಿಸಬೇಕಾಗಿಲ್ಲ. ಕಳೆದುಹೋದ ಅಂಗಡಿಯನ್ನು ನಾನು ಎಲ್ಲಿಂದ ತಂದುಕೊಡಲಿ?

ಬರುವ ಭಾನುವಾರ ದೊಡ್ಡಪ್ಪ, ದೊಡ್ಡಮ್ಮ, ಅವರ ಮಕ್ಕಳನ್ನೆಲ್ಲ ಅಕ್ಕನ ಮನೆಗೆ ಬರಹೇಳಿದ್ದೇನೆ. ನೀನು ಬಂದರೂ ಸರಿ, ಬರದಿದ್ದರೂ ಸರಿ. ಅಕ್ಕ ಕೋಳಿ ಸಾರು ಮಾಡುತ್ತಾಳಂತೆ, ಉಂಡು ನಿಧಾನವಾಗಿ ಮಾತಾಡೋಣ ಅಂದಳು. ಊಟಕ್ಕೆ ಕೂರುವ ಮೊದಲೇ ಹೇಳಿಬಿಡುತ್ತೇನೆ. ಅವಳ ಕೈಯಲ್ಲಿ ಬಡಿಸಿಕೊಂಡು ಉಂಡ ಮೇಲೆ ನನ್ನ ಬಾಯಿಂದ ನಿಜ ಹೊರಡುತ್ತದೆಂಬ ನಂಬಿಕೆ ನನಗಿಲ್ಲ.