ಒಂದೇ ಹಲಗೆಯ ಎರಡು ತುದಿ

ಹುಮನಾಬಾದಿನಲ್ಲಿ ಬಸ್ಸಿಳಿದ ಮೊದಲ ಬೆಳಿಗ್ಗೆಯೇ ನನಗೆ ಓದಲು ಬರುವುದಿಲ್ಲ ಎಂದು ಗೊತ್ತಾಯಿತು. ನಾನು ಬೋರ್ಡು ಬರೆಯುವವನು. ತಿಪಟೂರಿನ ಪೇಟೆಯಲ್ಲಿ ಕಣ್ಣು ಮುಚ್ಚಿಕೊಂಡು ನಡೆದರೂ ಯಾವ ಅಂಗಡಿಯ ಮೇಲೆ ಯಾವ ಅಕ್ಷರ ಇದೆ ಎಂದು ಹೇಳಬಲ್ಲವನಾಗಿದ್ದೆ. ಇಲ್ಲಿ ರಸ್ತೆಯ ಎರಡೂ ಬದಿಗೆ ಬೋರ್ಡುಗಳಿದ್ದವು, ಒಂದೂ ನನ್ನ ಜೊತೆ ಮಾತಾಡಲಿಲ್ಲ. ಎಲ್ಲ ಉರ್ದು. ಅಕ್ಷರಗಳು ಬಲಗಡೆಯಿಂದ ಹೊರಟು ಎಡಕ್ಕೆ ಓಡುತ್ತಿದ್ದವು. ಆದರೆ ಆ ಬೋರ್ಡುಗಳ ಕೆಳಗೆ ನಿಂತ ಜನ ಆಡುತ್ತಿದ್ದುದು ಕನ್ನಡ. ಅದೂ ನನಗೆ ಅರ್ಧ ತಿಳಿಯಿತು.

"ಯಾವೂರ್ರಿ? ಯಾರ ಕಡಿ ಹೊಂಟೀರಿ?" ಎಂದು ಚಹಾದಂಗಡಿಯವನು ಕೇಳಿದ.

"ತಿಪಟೂರು. ಬೋರ್ಡು ಬರೆಯೋಕೆ ಬಂದಿದೀನಿ" ಎಂದೆ.

"ಬರೆಯೋಕೆ!" ಎಂದು ಅವನು ನನ್ನ ಮಾತನ್ನೇ ಒಮ್ಮೆ ಬಾಯಲ್ಲಿಟ್ಟುಕೊಂಡು ರುಚಿ ನೋಡಿ ನಕ್ಕ. ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿದ.

ಕನ್ನಡ ನಾಡೆಲ್ಲ ಒಂದೇ ರಾಜ್ಯವಾಗಿ ಆಗ ಎರಡು ವರ್ಷವಾಗಿತ್ತು. ಈ ಕಡೆ ಅಂಗಡಿಗಳಿಗೆ, ಕಚೇರಿಗಳಿಗೆ ಕನ್ನಡದ ಬೋರ್ಡು ಬೇಕಾಗಿತ್ತು, ಬರೆಯುವ ಕೈಗಳಿರಲಿಲ್ಲ. ಕೊಬ್ಬರಿ ಕೊಳ್ಳಲು ನಮ್ಮ ಪೇಟೆಗೆ ಬರುತ್ತಿದ್ದ ಹುಮನಾಬಾದಿನ ವ್ಯಾಪಾರಿಯೊಬ್ಬರು ನನ್ನನ್ನು ಕರೆದರು. ಮೂರು ತಿಂಗಳು ಎಂದು ಅವ್ವನಿಗೆ ಹೇಳಿ ಬಂದೆ. ಇಪ್ಪತ್ತಮೂರು ವರ್ಷವಾಯಿತು.

ಇಷ್ಟು ದಿನ ಇದನ್ನೆಲ್ಲ ಬರೆದಿಡದವನು ಈಗ ಬರೆಯುವುದಕ್ಕೆ ಕಾರಣವಿದೆ. ಈ ಶ್ರಾವಣದಲ್ಲಿ ಶರಣಪ್ಪ ಕಾಕಾ ತೀರಿಕೊಂಡರು. ನಾನೂ ಅವರೂ ಒಂದೇ ಹಲಗೆಯ ಮೇಲೆ ನಿಂತು ಬೋರ್ಡು ಬರೆದವರು. ಅವರು ತೀರಿಕೊಂಡ ತಿಂಗಳಲ್ಲೇ ಪೇಟೆಯ ಬಟ್ಟೆ ಅಂಗಡಿಯವರು ಹೇಳಿ ಕಳಿಸಿದರು, ದೀಪಾವಳಿಗೆ ಹೊಸ ಬೋರ್ಡು ಬೇಕು, ಹಳೆಯದನ್ನು ಉಜ್ಜಿ ಅದೇ ತಗಡಿನ ಮೇಲೆ ಬರೆಯಿರಿ ಎಂದು. ಆ ಹಳೆಯದು ಕಾಕಾ ಕನ್ನಡದಲ್ಲಿ ಬರೆದ ಒಂದೇ ಒಂದು ಬೋರ್ಡು. ಅದನ್ನು ನನ್ನ ಕೈಯಿಂದ ಅಳಿಸಬೇಕೋ ಬೇಡವೋ ಎಂದು ಒಂದು ತಿಂಗಳು ಯೋಚಿಸಿದೆ.

ಅವರನ್ನು ಮೊದಲು ಕಂಡಾಗ ಅವರಿಗೆ ನಲವತ್ತೈದು, ನನಗೆ ಇಪ್ಪತ್ತೊಂದು. ಹತ್ತಿರದ ಹುಡಗಿ ಎಂಬ ಹಳ್ಳಿಯ ರೈತರ ಮನೆಯವರು, ಹಣೆ ತುಂಬ ವಿಭೂತಿ. ನಿಜಾಮರ ಕಾಲದ ಶಾಲೆಯಲ್ಲಿ ಕಲಿತದ್ದು ಉರ್ದು. ಊರಿನ ಬೋರ್ಡುಗಳೆಲ್ಲ ಅವರ ಕೈಯವೇ. ಮನೆಯಲ್ಲಿ ಆಡುವುದು ಕನ್ನಡ, ಭಜನೆಯಲ್ಲಿ ಹಾಡುವುದು ವಚನ. ಆದರೆ ಕನ್ನಡದ ಒಂದಕ್ಷರವೂ ಓದಲು ಬಾರದು. ನಮ್ಮ ಕಡೆ ಇಂಥವರನ್ನು ನಾನು ಕಂಡಿರಲಿಲ್ಲ. ಇಲ್ಲಿ ಅವರ ವಯಸ್ಸಿನ ಬಹಳ ಜನ ಹಾಗೇ.

ಅನ್ನ ಕಸಿಯಲು ಬಂದವನು ಎಂದು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಒಂದು ಇದ್ದಿಲ ತುಂಡು ಕೊಟ್ಟು ಗೋಡೆ ತೋರಿಸಿದರು. "ಬರಿ ತಮ್ಮಾ, ನಿನ್ನ ಅಕ್ಷರ ನೋಡೂನು."

ನಾನು ಊರಿನ ಹೆಸರು ಬರೆದೆ. ಅವರು ತಲೆ ವಾಲಿಸಿ ನೋಡಿದರು. "ಎಲ್ಲಾ ಊಟಕ್ಕ ಕೂತಂಗ ಕೂತಾವಲ್ಲೋ! ಒಂದರೆ ಎದ್ದು ನಡೀಲಿ."

"ನಿಮ್ಮವು ಓಡ್ತಾವಲ್ಲ ಕಾಕಾ" ಎಂದೆ.

"ಓಡ್ತಾವ, ಖರೆ. ಆದ್ರ ಎಲ್ಲಿ ಹೊಂಟೀವಿ ಅಂತ ಈಗ ಅವಕ್ಕೇ ಗೊತ್ತಿಲ್ಲ" ಎಂದು ನಕ್ಕರು. ಆ ದಿನವೇ ಅವರ ಪಡಸಾಲೆಯಲ್ಲಿ ನನಗೆ ಒಂದು ಹೊರಸು ಹಾಕಿದರು. ಹೊರಸು ಎಂದರೆ ಹಗ್ಗದ ಮಂಚ. ನಮ್ಮ ಹೆಂಚಿನ ಮನೆಗಳಲ್ಲಿ ಬೆಳಗಾದರೆ ಸಂದುಗಳಿಂದ ಬಿಸಿಲು ಬೀಳುತ್ತದೆ. ಇಲ್ಲಿ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಒಳಗೆ ತಣ್ಣಗಿನ ಕತ್ತಲೆ. ಮೊದಲ ವಾರ ಬೆಳಗಾದದ್ದು ತಿಳಿಯದೆ ಮಲಗಿಬಿಡುತ್ತಿದ್ದೆ.

ಊಟ ಇನ್ನೂ ಕಷ್ಟ. ಮುದ್ದೆ ನುಂಗಿ ಬೆಳೆದವನಿಗೆ ಜೋಳದ ರೊಟ್ಟಿ ಅಗಿಯುವುದೇ ಒಂದು ಕೆಲಸ. ಅರ್ಧ ರೊಟ್ಟಿಗೆ ದವಡೆ ನೋಯುತ್ತಿತ್ತು. ಕಾಕಾನ ಹೆಂಡತಿ ನೀಲಮ್ಮ ಕಾಕು ಅದನ್ನು ನೋಡಿ ಒಂದು ತಿಂಗಳು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರು. ಬಂದವರಿಗೆಲ್ಲ ಹೇಳುತ್ತಿದ್ದರು, "ನಮ್ಮ ಮನ್ಯಾಗ ಎರಡು ಕೂಸದಾವ್ರಿ. ಒಂದು ತೊಟ್ಟಿಲದಾಗ, ಒಂದು ತಿಪಟೂರದ್ದು." ಎಳ್ಳಮಾವಾಸ್ಯೆಗೆ ಅವರ ಹೊಲದಲ್ಲಿ ಭಜ್ಜಿ ಉಂಡೆ. ಇಲ್ಲಿಯ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಸೇರಿಸಿ ಹುಳಿ ಹಿಂಡಿ ಬೇಯಿಸಿದ್ದು. ನಾಲ್ಕು ಸಲ ಹಾಕಿಸಿಕೊಂಡೆ. ತೆಂಗಿನಕಾಯಿ ನೆನಪಾಗದ ಮೊದಲ ದಿನ ಅದು.

ಕೆಲಸದ ವಿಷಯ ಹೇಳಬೇಕು. ಆಗಿನ ಬೋರ್ಡುಗಳಲ್ಲಿ ಎರಡು ಸಾಲು. ಮೇಲೆ ಕನ್ನಡ, ಕೆಳಗೆ ಉರ್ದು. ಎರಡು ಪೀಪಾಯಿಗಳ ಮೇಲೆ ಒಂದು ಉದ್ದ ಹಲಗೆ, ಎರಡೂ ತುದಿ ಹೊರಗೆ ಚಾಚಿರುತ್ತಿದ್ದವು. ಎಡ ತುದಿಯಿಂದ ನಾನು ಹೊರಡುತ್ತಿದ್ದೆ, ಬಲ ತುದಿಯಿಂದ ಕಾಕಾ. ನಡುವೆ ಸೇರಿದಾಗ ಚಹಾ. ಆಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ದಾಟಿ, ಅವರು ನನ್ನ ಕಡೆಗೆ, ನಾನು ಅವರ ಕಡೆಗೆ. ಒಬ್ಬನ ಭಾರದ ಮೇಲೆ ಇನ್ನೊಬ್ಬ ನಿಂತಿರುತ್ತಿದ್ದ. ಅದಕ್ಕೆ ಒಂದು ಕಟ್ಟುಪಾಡು: ಇಳಿಯುವ ಮೊದಲು "ಇಳಿಯಾಕತ್ತೇನಿ" ಎಂದು ಕೂಗಬೇಕು.

ಒಮ್ಮೆ ನಾನು ಮರೆತೆ. ನೀರು ಕುಡಿಯಲು ಜಿಗಿದೆ, ಕಾಕಾನ ತುದಿ ಕೆಳಗೆ ಹೋಯಿತು, ಅವರು ಕುಂಚ ಹಿಡಿದುಕೊಂಡೇ ಕೆಳಗಿದ್ದ ತರಕಾರಿಯವಳ ಬದನೆಕಾಯಿ ಬುಟ್ಟಿಯಲ್ಲಿ ಕುಳಿತರು. ನನ್ನ ಪ್ರಾಣ ಹೋಯಿತು. ಆಕೆ ಮಾತ್ರ ತಕ್ಕಡಿ ಎತ್ತಿಕೊಂಡು, "ತೂಕ ಮಾಡ್ಲೇನ್ರಿ ಕಾಕಾ, ಹಂಗೇ ಒಯ್ತೀರೋ?" ಎಂದಳು. ಕಾಕಾ ಬುಟ್ಟಿಯಿಂದಲೇ ನನ್ನನ್ನು ನೋಡಿ, "ನಿಮ್ಮೂರಾಗ ತೆಂಗಿನಕಾಯಿ ಹಿಂಗ ಇಳಸ್ತಾರೇನೋ?" ಎಂದರು.

ಅಕ್ಷರದ ತಿರುವು ಎಲ್ಲಿಂದ ಕಲಿತಿರಿ ಎಂದು ಒಂದು ದಿನ ಕೇಳಿದೆ. ಉಸ್ತಾದರ ಹೆಸರು ಹೇಳುತ್ತಾರೆ ಅಂದುಕೊಂಡಿದ್ದೆ. "ಹೊಲದಾಗ ಕುಂಟಿ ಹೊಡಿವಾಗ ಬದುವಿನ ಹಂತ್ಯಾಕ ಎತ್ತು ಹ್ಯಾಂಗ ತಿರುಗ್ತಾವ ನೋಡು" ಎಂದರು. "ಥಟ್ಟನ ತಿರುಗಂಗಿಲ್ಲ. ಮುಂದ ನಾಕು ಹೆಜ್ಜಿ ಹೋಗಿ, ಭಾರ ಒಂದು ಕಡಿ ಹಾಕಿ, ಆಮ್ಯಾಲ ಹೊಳ್ಳತಾವ. ಅಪ್ಪನ ಹಿಂದ ಕುಂಟಿ ಹಿಡಿದಾಗ ಕಲ್ತೆ. ಅಕ್ಷರಾನೂ ಎತ್ತಿನಂಗೇ. ಜಗ್ಗಿದ್ರ ಮುನಿಸ್ಕೊಳ್ತದ." ನಿನ್ನವು ಎಲ್ಲಿಂದ ಬಂದವು ಎಂದು ನನ್ನನ್ನು ಕೇಳಿದರು. ಅವ್ವ ಚಕ್ಕುಲಿ ಒತ್ತುವುದನ್ನು ನೋಡಿ ಎಂದೆ. ಸುತ್ತಿ ಸುತ್ತಿ ತುದಿಯನ್ನು ಬೆರಳಿನಿಂದ ಅಂಟಿಸುತ್ತಾಳಲ್ಲ, ಹಾಗೆ. "ಅದಕ್ಕೇ ನಿನ್ನ ಬೋರ್ಡು ನೋಡಿದ್ರ ನನಗ ಹಸಿವು!" ಎಂದರು.

ಬಂದು ಮೂರನೆಯ ವರ್ಷ ಬಸವಕಲ್ಯಾಣದ ಒಂದು ಮಠದಲ್ಲಿ ಗೋಡೆಗೆ ವಚನ ಬರೆಯುವ ಕೆಲಸ ಸಿಕ್ಕಿತು. ಕನ್ನಡದ ಕೆಲಸ ಮಾತ್ರ. ಆದರೂ ಕಾಕಾ ಬಣ್ಣ ಕಲಸಿಕೊಡಲು ಬಂದರು. ನಾನು ಮೊದಲ ಪದ ಬರೆದು ಬಾಯಲ್ಲಿ ಹೇಳಿದೆ, ಅಷ್ಟೇ. ಕೆಳಗಿನಿಂದ ಕಾಕಾ ಉಳಿದದ್ದನ್ನೆಲ್ಲ ಹಾಡಿದರು. ಎರಡನೆಯದಕ್ಕೂ ಹಾಗೇ, ಮೂರನೆಯದಕ್ಕೂ ಹಾಗೇ. ನನಗೆ ಪುಸ್ತಕ ನೋಡುವ ಕೆಲಸವೇ ಇರಲಿಲ್ಲ. ಅವರು ಹಾಡುತ್ತಿದ್ದರು, ನಾನು ಬರೆಯುತ್ತಿದ್ದೆ. ನನ್ನ ಕುಂಚ ಅವರ ರಾಗಕ್ಕಿಂತ ನಿಧಾನ, ಅದಕ್ಕೆ ಒಂದೊಂದು ಪದವನ್ನು ಎಳೆದು ಎಳೆದು ಹಾಡುತ್ತಿದ್ದರು. ಮಠದಲ್ಲಿದ್ದವರೆಲ್ಲ ಬಂದು ಕುಳಿತುಬಿಟ್ಟರು.

ಸಂಜೆ ಕಾಕಾ ಗೋಡೆಯ ಹತ್ತಿರ ಬಂದು, ಹಸಿಯಿದ್ದ ಒಂದು ಅಕ್ಷರದ ಪಕ್ಕ ಬೆರಳಿಟ್ಟರು. "ಹುಟ್ಟಿದಾಗಿಂದ ಬಾಯಾಗ ಇತ್ತು" ಎಂದರು. "ಅದರ ಮಾರಿ ಹೆಂಗದ ಅಂತ ನೋಡಿದ್ದಿಲ್ಲ." ಹಿಂದಿರುಗುವ ಬಸ್ಸು ರಾಜೇಶ್ವರ ಎಂಬ ಊರು ದಾಟಿತು. ಆಮೇಲೆ ಕೇಳಿದರು, "ನನಗ ಕಲಸ್ತೀ ಏನು?"

ಕಲಿಸಿದೆ. ಕಾಕುಗೆ ಸಹ ತಿಳಿಯದ ಹಾಗೆ, ಬಣ್ಣದ ಡಬ್ಬಿಗಳಿದ್ದ ಕೋಣೆಯಲ್ಲಿ. ನಾನು ತಿದ್ದಿದರೆ ಸಣ್ಣ ಹುಡುಗರ ಹಾಗೆ ಸಿಟ್ಟಾಗುತ್ತಿದ್ದರು. ಅದಕ್ಕೆ ಬದಲು ನಾನು ಉರ್ದು ಕಲಿತೆ, ನಾನೂ ಸಿಟ್ಟಾಗುತ್ತಿದ್ದೆ. ಐದು ವರ್ಷ ಹೀಗೆ ನಡೆಯಿತು. ಒಂದು ದಿನ ಬಟ್ಟೆ ಅಂಗಡಿಯ ಸಾವ್ಕಾರರು, ಉರ್ದು ಇದ್ದ ತಮ್ಮ ಬೋರ್ಡಿಗೆ ಕನ್ನಡ ಬರೆಸಬೇಕು ಎಂದಾಗ, ಕಾಕಾ ನನ್ನ ಕೈ ಒತ್ತಿ ಹಿಂದೆ ಸರಿಸಿದರು. "ನಾ ಬರೀತೀನ್ರಿ."

ಹಳೆಯ ಅಕ್ಷರದ ಮೇಲೆ ಹೊಸದು ಬರೆಯುವ ಮುನ್ನ ತಗಡನ್ನು ಬೆಣಚುಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಬೇಕು. ಇಲ್ಲದಿದ್ದರೆ ಹಳೆಯದು ಉಬ್ಬಿ ಕಾಣುತ್ತದೆ. ಆ ಕೆಲಸವನ್ನೂ ಅವರೇ ಮನೆಯಲ್ಲಿ ಮುಗಿಸಿಕೊಂಡು ಬಂದರು. ನಾನು ಹಲಗೆಯ ಇನ್ನೊಂದು ತುದಿಯಲ್ಲಿ ಭಾರಕ್ಕಾಗಿ ಮಾತ್ರ ನಿಂತಿದ್ದೆ. ಬರೆಯಬೇಕಾದ್ದು ಶ್ರೀ ಮಲ್ಲಿಕಾರ್ಜುನ ಬಟ್ಟೆ ಅಂಗಡಿ. ಕಾಕಾ ಬಲಗಡೆಯಿಂದ ಹೊರಟರು! ಮೂವತ್ತು ವರ್ಷ ಆ ಕಡೆಯಿಂದ ಹೊರಟ ಕೈ. ಮೊದಲು ಅಂಗಡಿ, ಆಮೇಲೆ ಬಟ್ಟೆ, ಹೀಗೆ ಹಿಂದೆ ಹಿಂದೆ ಬಂದರು. ಇದ್ದಿಲಿನಿಂದ ಗುರುತು ಹಾಕಿಕೊಳ್ಳುವ ರೂಢಿಯೂ ಅವರಿಗಿಲ್ಲ. ಉರ್ದುವಿನಲ್ಲಿ ಜಾಗ ಸಾಲದಿದ್ದರೆ ಅಕ್ಷರದ ಮೇಲೆ ಅಕ್ಷರ ಹತ್ತಿಸಬಹುದು, ಉಳಿದರೆ ಎಳೆಯಬಹುದು. ಕನ್ನಡ ಹಾಗೆ ಕೇಳುವುದಿಲ್ಲ. ಅಂಗಡಿ ಆನೆಯ ಹಾಗೆ ಬಂತು, ಬಟ್ಟೆ ಎತ್ತಿನ ಹಾಗೆ. ಮಲ್ಲಿಕಾರ್ಜುನನ ಹೊತ್ತಿಗೆ ತಗಡು ಮುಗಿಯುತ್ತ ಬಂದಿತ್ತು. ಶ್ರೀ ಒಂದು ಇರುವೆಯಷ್ಟು.

ನಾನು ನಡುವೆ ಹೇಳಬಹುದಾಗಿತ್ತು. ಅವರ ಮುಖ ನೋಡಿ ಹೇಳಲಿಲ್ಲ. ನಾಲಿಗೆಯ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಬರೆಯುತ್ತಿದ್ದರು.

ಕೆಳಗೆ ಪೇಟೆಯೇ ಸೇರಿತ್ತು. "ಕಾಕಾ, ಮಲ್ಲಯ್ಯ ಭಾಳ ಸೊರಗ್ಯಾನಲ್ರಿ!" ಎಂದು ಒಬ್ಬ. "ಅಂಗಡಿ ಉಂಡು ಉಂಡು ದಪ್ಪಾಗ್ಯಾದ, ದೇವರಿಗಿ ಉಪಾಸ" ಎಂದು ಇನ್ನೊಬ್ಬ. ಕಾಕಾ ಇಳಿದು, ದೂರ ಹೋಗಿ ನೋಡಿ, ತಾವೇ ಎಲ್ಲರಿಗಿಂತ ಜೋರಾಗಿ ನಕ್ಕರು. ಅಳಿಸಿ ಬರೆಯುತ್ತೇನೆ ಎಂದಾಗ ಸಾವ್ಕಾರರು ಬಿಡಲಿಲ್ಲ. "ಇರ್ಲಿ ಬಿಡ್ರಿ. ನಗಾಕ ಬಂದವ್ರು ಒಂದು ಧೋತರ ತಗೊಂಡು ಹೋಗ್ತಾರ." ಅದು ನಿಜವೂ ಆಯಿತು. ಹಳ್ಳಿಯವರು ಸೊರಗಿದ ಮಲ್ಲಯ್ಯನ ಅಂಗಡಿ ಎಂದು ಕೇಳಿಕೊಂಡೇ ಬರುತ್ತಿದ್ದರು. ಕಾಕಾ ಮತ್ತೆ ಕನ್ನಡದ ಬೋರ್ಡು ಬರೆಯಲಿಲ್ಲ. ಆದರೆ ದಿನಾ ವಚನ ಓದುತ್ತಿದ್ದರು, ಬಾಯಿಪಾಠ ಬರುವುದನ್ನೇ ಬೆರಳಿಟ್ಟು.

ಈಗ ಆ ಸಾವ್ಕಾರರೂ ಇಲ್ಲ. ಮಗ ಒಳ್ಳೆಯವನೇ. "ಮಾಸ್ತರ್ರೆ, ಕಾಕಾನ ಕೈ ಅಂತ ನನಗೂ ಗೊತ್ತದ. ಆದ್ರ ತಗಡು ಜಂಗು ಹಿಡಿಯಾಕತ್ತದ. ನೀವು ಬ್ಯಾಡಂದ್ರ ಬೀದರದಿಂದ ಕರಸ್ತೀನಿ" ಎಂದ. ಬೇರೆಯವರು ಉಜ್ಜುವುದನ್ನು ನೋಡಲಾರೆ ಎಂದು ಒಪ್ಪಿಕೊಂಡೆ. ತಗಡನ್ನು ಇಳಿಸಿ ಕಾಕಾನ ಅಂಗಳಕ್ಕೆ ತಂದೆ. ಬೆಣಚುಕಲ್ಲು ಹಿಡಿದು ಬಹಳ ಹೊತ್ತು ಕುಳಿತೆ.

ಕಾಕು ನೀರಿನ ತಂಬಿಗೆ ತಂದಿಟ್ಟರು. "ಉಜ್ಜೋ ತಿಮ್ಮಾ. ಅವರು ಎಷ್ಟು ಮಂದೀದು ಉಜ್ಜಿಲ್ಲ?"

ಬಲಗಡೆಯ ಅಂಗಡಿಯಿಂದ ಶುರು ಮಾಡಿದೆ. ಅಕ್ಷರದ ನೀಲಿ ಬಣ್ಣ ಹೋಯಿತು, ಅದರ ಕೆಳಗಿನ ಬಿಳಿ ಹೋಯಿತು. ಆಮೇಲೆ ತಗಡು ಬರಬೇಕು. ಬರಲಿಲ್ಲ. ಹಸಿರು ಬಂತು. ಹಸಿರಿನಲ್ಲಿ ಒಂದು ತಿರುವು, ಮುಂದೆ ಭಾರ ಹಾಕಿ ಹೊರಳಿದ್ದು. ಮೆಲ್ಲಗೆ ಒರೆಸಿದೆ. ಉರ್ದು. ಕಾಕಾ ಉಜ್ಜಿಯೇ ಇರಲಿಲ್ಲ. ತಮ್ಮ ಹರೆಯದ ಅಕ್ಷರದ ಮೇಲೆ ಒಂದು ದಪ್ಪ ಪದರ ಬಿಳಿ ಬಳಿದು, ಉಜ್ಜಿದೆ ಎಂದು ನನಗೆ ಸುಳ್ಳು ಹೇಳಿದ್ದರು. ನನಗೆ ನಗು ಬಂತು, ಅಳುವೂ ಬಂತು.

"ಏನಾತೋ?" ಎಂದು ಕಾಕು ಬಗ್ಗಿದರು. ಅವರಿಗೆ ಯಾವ ಅಕ್ಷರವೂ ಬಾರದು. ನಾನು ಓದಿ ಹೇಳಿದೆ. ಅಂಗಡಿಯ ಹೆಸರು, ಅಷ್ಟೇ.

"ಛಲೋ ಬರದಾರೇನು?"

ಮದುವೆಯಾಗಿ ನಲವತ್ತು ವರ್ಷ ಅವರು ಯಾರನ್ನೂ ಇದನ್ನು ಕೇಳಿರಲಿಲ್ಲ ಎಂದು ಆಗ ತೋರಿತು.

"ಭಾಳ ಛಲೋ ಬರದಾರ, ಕಾಕು."

ಅವರು ಸೆರಗಿನಿಂದ ಆ ಹಸಿರು ತಿರುವನ್ನು ಒಮ್ಮೆ ಒರೆಸಿದರು. "ಹಂಗಾರ ಕಲ್ಲು ಕೆಳಗಿಡು. ಮ್ಯಾಲ ನಿಂದೂ ಛಲೋ ಬರಿ."

ತುಕ್ಕು ಹಿಡಿದ ಅಂಚುಗಳನ್ನು ಮಾತ್ರ ಉಜ್ಜಿದೆ. ಉಳಿದದ್ದರ ಮೇಲೆ ಬಿಳಿ ಬಳಿದೆ, ಕಾಕಾ ಮಾಡಿದ ಹಾಗೆ. ಸಾವ್ಕಾರರ ಮಗನಿಗೂ ಹೇಳಿದೆ, ಕೆಳಗೆ ಎರಡು ಸಲದ ಅಕ್ಷರಗಳಿವೆ, ಸ್ವಲ್ಪ ಉಬ್ಬಿ ಕಾಣುತ್ತವಪ್ಪ ಎಂದು. ಅವನು, "ಕಾಣ್ಲಿ ಬಿಡ್ರಿ, ಒಂದರ ಕೆಳಗ ಒಂದು ಮೂರು ದುಕಾನ್ ಅದಾವ ಅಂತೀನಿ" ಎಂದ. ಮಲ್ಲಿಕಾರ್ಜುನನಿಗೆ ಈ ಸಲ ಹೊಟ್ಟೆ ತುಂಬ ಜಾಗ ಸಿಕ್ಕಿತು.

ಕೊನೆಗೆ ಬಲ ಮೂಲೆಯಲ್ಲಿ ಬರೆದವನ ಹೆಸರು, ಊರು ಹಾಕುವುದು ನಮ್ಮ ಕಸುಬಿನ ಪದ್ಧತಿ. ಇಷ್ಟು ವರ್ಷ ತಿಮ್ಮಯ್ಯ, ತಿಪಟೂರು ಎಂದೇ ಹಾಕಿದ್ದೇನೆ. ತಿಪಟೂರಿನಿಂದ ನನ್ನ ಅಣ್ಣ ಬರೆದ ಕಾಗದ ಜೇಬಿನಲ್ಲಿತ್ತು, ಇನ್ನು ಅಲ್ಲೇನಿದೆ, ಬಂದುಬಿಡು ಎಂದು. ತಿಮ್ಮಯ್ಯ ಎಂದು ಬರೆದೆ. ಅದರ ಮುಂದೆ ಒಂದು ಊರಿಗೆ ಸಾಲುವಷ್ಟು ಜಾಗವಿತ್ತು. ಕುಂಚವನ್ನು ಎರಡು ಸಲ ಅದ್ದಿದೆ, ಎರಡು ಸಲ ಒರೆಸಿದೆ. ದೀಪಾವಳಿ ಕಳೆದು ಎಂಟು ದಿನವಾಯಿತು. ಬೋರ್ಡು ಮೇಲೇರಿದೆ, ಜನ ನೋಡುತ್ತಿದ್ದಾರೆ. ಆ ಜಾಗ ಇನ್ನೂ ಬೆಳ್ಳಗಿದೆ.