ಕಾಲಿಗೆ ಕಟ್ಟಿದ ಗಂಟೆ

ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಅವಳನ್ನು ಮೇಷ್ಟ್ರುಗಳೆಲ್ಲ ನಾಲ್ಕುಕೈಯಕ್ಕ ಎಂದೇ ಕರೆಯುತ್ತಿದ್ದರು. ನೋಡಿದರೆ ನಾಲ್ಕೂ ಕಡಿಮೆಯೇ. ಕಿವಿಗೂ ಭುಜಕ್ಕೂ ನಡುವೆ ಫೋನು, ಬಲಗೈಯಲ್ಲಿ ವರ್ಗಾವಣೆ ಪತ್ರ, ಎಡಗೈಯಲ್ಲಿ ಹಾಜರಿ ಪುಸ್ತಕ, ಬಾಗಿಲಲ್ಲಿ ನಿಂತವರಿಗೆ ಕಣ್ಸನ್ನೆಯಲ್ಲೇ ಉತ್ತರ. ಗಂಟೆ ಬಾರಿಸುವ ಕೆಲಸವೂ ಅವಳ ಪಾಲಿಗೇ ಬಿದ್ದಾಗ, ಪ್ರತಿ ಸಲ ಎದ್ದುಹೋಗುವುದು ದಂಡವೆನಿಸಿತು. ಅಂಗಳದ ಗಂಟೆಯಿಂದ ಕಿಟಕಿಯೊಳಕ್ಕೆ ಹಗ್ಗ ಎಳೆದು, ತುದಿಗೆ ಕುಣಿಕೆ ಹಾಕಿ ಮೇಜಿನಡಿ ಇಳಿಬಿಟ್ಟಳು. ಅದರೊಳಗೆ ಪಾದ ತೂರಿಸಿ ಜಗ್ಗಿದರೆ ಮುಗಿಯಿತು. ಹದಿನೆಂಟು ವರ್ಷ ಆ ಗಂಟೆ ಒಂದು ನಿಮಿಷ ಆಚೀಚೆ ಆಗಿರಲಿಲ್ಲ. ಅದರ ಬಗ್ಗೆ ಅವಳಿಗೆ ಜಂಬವಿತ್ತು, ಇರಬೇಕಾದದ್ದೇ.

ಅವಳ ಮನೆಯಲ್ಲಿ ಅಕ್ಕನ ಮಗಳಿದ್ದಳು, ಅದೇ ಶಾಲೆಯ ಕೊನೆಯ ತರಗತಿ. ಹುಡುಗಿ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವವಳು. ಊಟದ ನಡುವೆ ಮಾತಾಡಿಸಿದರೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು ಉತ್ತರ ಕೊಡುವಳು. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ದಡ್ಡಿಯೇನಲ್ಲ. ಲೆಕ್ಕಗಳನ್ನೆಲ್ಲ ಮೊದಲು ಕಚ್ಚಾ ಹಾಳೆಯಲ್ಲಿ ಮಾಡಿ, ತಾಳೆ ನೋಡಿ, ಕೊನೆಗೆ ಒಟ್ಟಿಗೇ ಉತ್ತರಪತ್ರಿಕೆಗೆ ಇಳಿಸುವುದು ಅವಳ ಪದ್ಧತಿ, ಹೊತ್ತು ಸಾಲುತ್ತಿರಲಿಲ್ಲ. "ನಾನು ಐದು ಕೆಲಸ ಮುಗಿಸೋ ಹೊತ್ತಿಗೆ ನಿಂದು ಒಂದು ಲೆಕ್ಕ ಆಗಲ್ಲ" ಎಂದು ಚಿಕ್ಕಮ್ಮ ದಿನಾ ಬೆಳಿಗ್ಗೆ ಅವಳ ಜಡೆ ಹೆಣೆಯುತ್ತ, ಒಲೆಯ ಕಡೆ ಒಂದು ಕಣ್ಣಿಟ್ಟು, ಗೊಣಗುತ್ತಿದ್ದಳು. ಈ ಸಲವೂ ಹೋದರೆ ಓದು ಬಿಡಿಸಿ ಕರೆದೊಯ್ಯುವುದಾಗಿ ಅಕ್ಕ ಹೇಳಿಬಿಟ್ಟಿದ್ದಳು. ಹುಡುಗಿ ಮೂರು ತಿಂಗಳು ಗಡಿಯಾರ ಮುಂದಿಟ್ಟುಕೊಂಡು ಅಭ್ಯಾಸ ಮಾಡಿ, ಇಳಿಸಲು ಕೊನೆಯ ಅರ್ಧ ಗಂಟೆ ಸಾಕು ಎಂಬಷ್ಟಕ್ಕೆ ತಂದಿದ್ದಳು.

ಗಣಿತ ಪರೀಕ್ಷೆಯ ದಿನ ಹನ್ನೆರಡಕ್ಕೆ ಸರಿಯಾಗಿ ಫೋನು ಬಂತು. ಮಗನನ್ನು ಕರೆದೊಯ್ಯಲು ಎಷ್ಟು ಹೊತ್ತಿಗೆ ಬರಲಿ ಎಂದು ಯಾರೋ ತಂದೆ ಕೇಳುತ್ತಿದ್ದ. ಒಂದು ಕೈಯಲ್ಲಿ ಪ್ರಮಾಣಪತ್ರಕ್ಕೆ ಮೊಹರು ಒತ್ತುತ್ತ, ಇನ್ನೊಂದರಲ್ಲಿ ಡ್ರಾಯರ್ ತಡಕುತ್ತ ಅವಳು "ಹನ್ನೆರಡೂವರೆಗೆ" ಎಂದಳು. ಬಾಯಿ ಹಾಗೆಂದದ್ದೇ ತಡ, ಕಾಲು ಹಗ್ಗ ಜಗ್ಗಿತು, ಪರೀಕ್ಷೆ ಮುಗಿಯಲು ಇನ್ನೂ ಅರ್ಧ ಗಂಟೆ ಇರುವಾಗಲೇ.

ಕೊಠಡಿಗಳಲ್ಲಿದ್ದ ಮೇಷ್ಟ್ರುಗಳೆಲ್ಲರ ಕೈಯಲ್ಲೂ ಗಡಿಯಾರವಿತ್ತು. ಒಬ್ಬರೂ ನೋಡಲಿಲ್ಲ. ನಾಲ್ಕುಕೈಯಕ್ಕನ ಗಂಟೆ ಹೊಡೆದ ಮೇಲೆ ನೋಡುವುದೇನು? ಪತ್ರಿಕೆಗಳನ್ನು ಕಿತ್ತುಕೊಂಡರು. ಅವಳು ತಲೆಯೆತ್ತುವ ಹೊತ್ತಿಗೆ ಮಕ್ಕಳು ಅಂಗಳದಲ್ಲಿ ಉತ್ತರ ಹೋಲಿಸುತ್ತಿದ್ದರು. ಮತ್ತೆ ಒಳಗೆ ಕೂರಿಸುವಂತಿರಲಿಲ್ಲ. ಉಳಿದವರಿಗೆ ಒಂದೆರಡು ಪ್ರಶ್ನೆ ಹೋಯಿತು, ಅಷ್ಟೇ. ಅಕ್ಕನ ಮಗಳು ಕಚೇರಿಗೆ ಬಂದು ಕಚ್ಚಾ ಹಾಳೆಗಳನ್ನು ಮೇಜಿನ ಮೇಲಿಟ್ಟಳು.

"ಎಲ್ಲಾ ಮಾಡಿದ್ದೆ ಚಿಕ್ಕಮ್ಮ. ಇಳಿಸೋದೊಂದು ಬಾಕಿ ಇತ್ತು."

ಅಳಲಿಲ್ಲ. ಅತ್ತಿದ್ದರೆ ಚಿಕ್ಕಮ್ಮನಿಗೆ ಗದರುವುದಕ್ಕಾದರೂ ಆಗುತ್ತಿತ್ತು. ಈಗ ನಾಚಿಕೆಯಿಂದ ಆ ಹಾಳೆಗಳನ್ನೇ ಒಂದೊಂದಾಗಿ ತಿರುವಿದಳು.

ಮುಖ್ಯೋಪಾಧ್ಯಾಯರು ಪಾರಾಗುವ ದಾರಿ ಹೇಳಿದರು. ಗಡಿಯಾರ ಕೆಟ್ಟಿತ್ತೆಂದು ಬರೆದುಕೊಟ್ಟರೆ ಸಾಕು. ಎಲ್ಲರಿಗೂ ಕಡಿಮೆಯಾದದ್ದು ಅಷ್ಟೇ ಹೊತ್ತು, ಬರೆದಷ್ಟಕ್ಕೇ ಅಂಕ ಹಾಕಿ ಮುಗಿಸಬಹುದು. ತಪ್ಪು ನೌಕರರದೆಂದಾದರೆ ಮರುಪರೀಕ್ಷೆ ಮಾಡಲೇಬೇಕು, ಹದಿನೆಂಟು ವರ್ಷದ ಅವಳ ಸೇವೆಗೆ ಕಪ್ಪು ಚುಕ್ಕೆ ಬೀಳುತ್ತದೆ. ಅವಳು ಫೋನು ಕೆಳಗಿಟ್ಟು, ಮೊಹರು ಪಕ್ಕಕ್ಕೆ ಸರಿಸಿ, ಎರಡೇ ಸಾಲು ಬರೆದಳು: ಗಡಿಯಾರ ಸರಿಯಾಗಿತ್ತು. ನಾನು ನೋಡಲಿಲ್ಲ. ಆಮೇಲೆ ಬಗ್ಗಿ ಕುಣಿಕೆ ಬಿಚ್ಚಿದಳು.

ಮರುಪರೀಕ್ಷೆಯ ದಿನ ಗಂಟೆಯ ಕೆಳಗೆ ಕುರ್ಚಿ ಹಾಕಿಕೊಂಡು, ಗೋಡೆ ಗಡಿಯಾರವನ್ನು ಇಳಿಸಿ ತಂದು ಮಡಿಲಲ್ಲಿಟ್ಟುಕೊಂಡು ಕೂತಳು. ಕೈಗಳಿಗೆ ಏನು ಮಾಡುವುದೆಂದೇ ತೋಚಲಿಲ್ಲ. ಹನ್ನೆರಡು ದಾಟಿದ ಮೇಲೆ ಕಚೇರಿಯ ಫೋನು ಹೊಡೆದುಕೊಳ್ಳತೊಡಗಿತು. ನಿಂತಿತು, ಮತ್ತೆ ಶುರುವಾಯಿತು. ಮುಖ್ಯೋಪಾಧ್ಯಾಯರು ಹೊರಗೆ ಬಂದು, ಎತ್ತುವವರು ಯಾರೂ ಇಲ್ಲವೇ ಎಂದರು.

"ಹೊಡ್ಕೊಳ್ಳಲಿ ಬಿಡಿ ಸಾರ್" ಎಂದಳು, ಮುಳ್ಳಿನಿಂದ ಕಣ್ಣು ತೆಗೆಯದೆ. "ಅವಳು ಈಗ ತಾನೇ ಇಳಿಸೋಕೆ ಶುರು ಮಾಡಿರ್ತಾಳೆ."